ಒಪ್ಪಿಗೆಯ ಕಾಗದವೂ ಕನ್ನಡವೂ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ನಾಲ್ಕು ಮಾತು ಕೇಳಲೆಂದು ಬಂದ ತಮ್ಮೆದುರು ಕಾಯದೆಯ ವಿಷಯವನ್ನು ಎತ್ತುವುದು ಈ ದಿನಕ್ಕೆ ಒಪ್ಪುವುದಿಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ದಿನವೆಲ್ಲ ಜನರ ಸಹಿ ತೆಗೆದುಕೊಳ್ಳುವ ನಮ್ಮಂಥ ಗುಮಾಸ್ತರಿಗೆ ಕನ್ನಡವಿಲ್ಲದ ಕೊರತೆ ಎದ್ದು ಕಾಣುವುದು ಕಾಗದಪತ್ರಗಳಲ್ಲಿಯೇ. ಆದುದರಿಂದ ಕ್ಷಮೆಯಿರಲಿ.

ನಾವು ಕೆಲಸ ಮಾಡುವ ಯೇವಲಾ ಪೈಠಣಿ ಸೀರೆಗೆ ಹೆಸರಾದ ಊರು. ಅದರ ಜರಿ ಸೂರತ್ತಿನಿಂದ ಬರುತ್ತದೆ. ರೇಷ್ಮೆ ನೂಲು ಬೆಂಗಳೂರಿನ ಕಡೆಯದು. ನೂಲಿನಂತೆಯೇ ನಾವೂ ಕೆಲವು ಮನೆಯವರು, ವರ್ಗವಾಗಿಯೋ ವ್ಯಾಪಾರಕ್ಕೆಂದೋ, ಇತ್ತ ಬಂದು ನೆಲೆಸಿದ್ದೇವೆ. ನಮಗೆ ಮರಾಠಿ ಬರುತ್ತದೆ, ಮಕ್ಕಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ತೊಡಕಾಗುವುದು ಊರಿನಿಂದ ಕರೆದುಕೊಂಡು ಬಂದ ತಾಯಿತಂದೆಗಳಿಗೆ. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದ ಮುದುಕಿಯೊಬ್ಬರು ಪಿಂಚಣಿಯ ಖಾತೆಗಾಗಿ ಕೌಂಟರಿಗೆ ಬಂದರೆ ಅವರ ಮುಂದಿಡುವ ಕಾಗದ ಹಿಂದಿ, ಇಂಗ್ಲಿಷ್, ಮರಾಠಿ ಈ ಮೂರರಲ್ಲಿರುತ್ತದೆ. ಅಂಥ ಒಬ್ಬ ತಾಯಿ ಪೆನ್ನು ಹಿಡಿದುಕೊಂಡೇ, “ಇದ್ರಾಗ ಏನ್ ಬರದದೋ ತಮ್ಮಾ?” ಎಂದು ನಮ್ಮನ್ನು ಕೇಳಿದರು. ಓದಿ ಹೇಳಿದೆವು. ಖಾತೆಗೆ ಬೇಕಾದ ಸಂಗತಿಗಳ ಕೆಳಗೆ, ಹೆಸರು, ವಯಸ್ಸು, ಫೋನ್ ನಂಬರುಗಳನ್ನು ವಿಮೆ ಮಾರುವವರಿಗೆ ಕೊಡಲು ಒಪ್ಪಿಗೆಯೆಂಬ ಒಂದು ಸಾಲೂ ಇತ್ತು. “ಅದು ಬ್ಯಾಡ ಬಿಡು” ಎಂದರು. ಆ ಚೌಕವನ್ನು ಖಾಲಿ ಬಿಟ್ಟರು, ಖಾತೆ ತೆರೆಯಿತು. ಕೇಳದೆ ಸಹಿ ಮಾಡಿ ಹೋದವರು ಎಷ್ಟೋ ಮಂದಿ.

ಅಷ್ಟು ವಿವರ ಯಾರಿಗೆ ಸಿಕ್ಕರೆ ತಾನೇ ಏನು ಎಂದು ಹಿರಿಯರು ಕೇಳುವುದುಂಟು. ನಮ್ಮ ಹೆಸರು, ಖಾತೆಯ ಬ್ಯಾಂಕು, ಮಗನ ಊರು ಇವನ್ನೆಲ್ಲ ಸರಿಯಾಗಿ ಹೇಳಿ ಫೋನಿನಲ್ಲಿ ಬೆದರಿಸುವವನ ಮಾತನ್ನು ಯಾರು ನಂಬುವುದಿಲ್ಲ? ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ಆದರೂ ಅದರ ಹೆಸರಿನಲ್ಲಿ ಜೀವಮಾನದ ಉಳಿತಾಯ ಕಳೆದುಕೊಂಡವರಿದ್ದಾರೆ. ಹಾಗಾದರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಯುವುದು ಆ ಕೆಲವು ಗಳಿಗೆಗಳಲ್ಲಿ ಮಾತ್ರ ಸಾಧ್ಯ.

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದವರು ಕನ್ನಡ ನಾಡಿನವರೇ ಒಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು, ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಆಧಾರ್ ಕಾಯದೆ ಬಹುಪಾಲು ಉಳಿಯಿತು. ಆದರೆ ಬ್ಯಾಂಕ್ ಖಾತೆಗೂ ಫೋನಿಗೂ ಆಧಾರ್ ಜೋಡಿಸಲೇಬೇಕೆಂಬ ಕಟ್ಟು ಹೋಯಿತು. ಅದರ ಹಿಂದಿನ ತಿಂಗಳುಗಳಲ್ಲಿ ಬ್ಯಾಂಕುಗಳ ಮುಂದೆ ನಿಂತಿದ್ದ ಸರದಿಯ ಸಾಲುಗಳನ್ನು ತಾವು ಮರೆತಿರಲಾರಿರಿ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಾಡಹಬ್ಬದ ದಿನ ನೆನೆಯುವ ಹೆಸರುಗಳಲ್ಲಿ ಅವರದೂ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಆ ತೀರ್ಪಿನ ಬೆನ್ನಿಗೆ ಬಂದುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯದೆ. ಹೆಸರು ಗಡುಸು, ದತ್ತಾಂಶವೆಂದರೆ ಇಲ್ಲಿ ನಮ್ಮನ್ನು ಗುರುತಿಸಬಲ್ಲ ಯಾವುದೇ ವಿವರ, ಅಷ್ಟೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ, ಅಂದರೆ 2027ರ ಮೇ ತಿಂಗಳವರೆಗಿನ, ಅವಧಿಯನ್ನು ಅವುಗಳಲ್ಲಿ ಇಟ್ಟರು. ಈ ಕಾಯದೆಯ 5 ಮತ್ತು 6ನೆಯ ಕಲಮುಗಳ ಕಡೆಗೆ ತಮ್ಮ ಗಮನ ಸೆಳೆಯಬೇಕೆಂದೇ ನಾವು ಈ ಪೀಠಿಕೆಯನ್ನೆಲ್ಲ ಹಾಕಿದ್ದು. ವಿವರ ಕೇಳುವವರು ಅದು ಏತಕ್ಕೆಂದು ತಿಳಿಸುವ ನೋಟೀಸನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ನಮಗೆ ಕೊಡಬೇಕು. ಅನುಸೂಚಿಯ ಇಪ್ಪತ್ತೆರಡು ಭಾಷೆಗಳಲ್ಲಿ ಕನ್ನಡ 1950ರಿಂದಲೂ ಇದೆ. (ಮನೆಯಲ್ಲಿ ತುಳುವನ್ನೋ ಕೊಡವ ನುಡಿಯನ್ನೋ ಆಡುವ ನಮ್ಮ ಬಂಧುಗಳಿಗೆ ಈ ಅನುಕೂಲವಿಲ್ಲವೆಂಬುದು ಖೇದದ ಸಂಗತಿ.)

ಇದರ ವಿಶೇಷವನ್ನು ತಾವು ಗಮನಿಸಬೇಕು. ಬ್ಯಾಂಕಿನ ಫಾರಮು ಈವರೆಗೆ ಶಾಖೆಯಿರುವ ಪ್ರಾಂತದ ಭಾಷೆಯನ್ನು ಅನುಸರಿಸುತ್ತ ಬಂದಿದೆ. ಈ ಕಾಯದೆ ಕಾಗದ ಓದುವವರ ಭಾಷೆಯನ್ನು ಕೇಳುತ್ತದೆ. ಆ ತಾಯಿ ಇಂಡಿಯಲ್ಲಿರಲಿ, ಯೇವಲಾದಲ್ಲಿರಲಿ, ಅವರಿಗೆ ಕನ್ನಡದಲ್ಲಿಯೇ ತಿಳಿಯುವ ಹಕ್ಕುಂಟು. ಹೊರನಾಡಿನಲ್ಲಿ ಬಾಳುವ ನಮಗೆ ಇಂಥ ಕಾನೂನು ಅಪರೂಪ.

ಹಾಗೆಂದು ಎಲ್ಲವೂ ಒಪ್ಪಿಗೆಯ ಮೇಲೆಯೇ ನಡೆಯುವುದಿಲ್ಲ. ಹಣಕಾಸಿನ ಕಾನೂನು ಕೇಳುವ ವಿವರಗಳನ್ನು ಕೊಡಲೇಬೇಕು. ಅದಕ್ಕೆ ಮೀರಿದ್ದಕ್ಕೆ ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಬಹುದು. ಕಾಪಿನ ಏರ್ಪಾಡು ಸರಿಯಿಲ್ಲದೆ ವಿವರ ಸೋರಿದರೆ 250 ಕೋಟಿ ರೂಪಾಯಿಯವರೆಗೆ ದಂಡ ಉಂಟು. ಆದರೆ ಆ ಹಣ ಸರಕಾರದ ಬೊಕ್ಕಸಕ್ಕೆ ಹೋಗುತ್ತದೆ, ನಷ್ಟವಾದವರಿಗಲ್ಲ. ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯದೆಯಲ್ಲಿದ್ದ 43-ಎ ಕಲಮನ್ನು ತೆಗೆಯುವ ಏರ್ಪಾಡೂ ಇದೇ ಕಾಯದೆಯಲ್ಲಿದೆ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ. ಸಭೆಯಲ್ಲಿರುವ ವಕೀಲ ಮಿತ್ರರು ಯೋಚಿಸಬೇಕು.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಕಾಗದದ ಕಿರ್ದಿಯಲ್ಲಿ ಬರೆದಿಟ್ಟ ಹೆಸರಿಗೆ ಈ ಕಾಯದೆ ತಗಲುವುದಿಲ್ಲ. ಅದನ್ನೇ ಕಂಪ್ಯೂಟರಿಗೆ ಏರಿಸಿದ ದಿನದಿಂದ ತಗಲುತ್ತದೆ. ಸೀರೆ ಕೊಂಡವರ ಫೋನ್ ನಂಬರುಗಳ ಪಟ್ಟಿಯನ್ನು ಪಕ್ಕದ ಅಂಗಡಿಗೆ ಕಳುಹಿಸುವ ಮುನ್ನ ಇದು ನೆನಪಿರಲಿ.

ನಮಗಿರುವ ಅಂಜಿಕೆ ಬೇರೆ. ಕನ್ನಡದ ನೋಟೀಸು ಬಂದೀತು, ಆದರೆ ಯಂತ್ರ ಮಾಡಿದ ಭಾಷಾಂತರವಾಗಿ ಬಂದೀತು. ಕೋರಿಕೆ ಸ್ಪಷ್ಟವೂ ಸರಳವೂ ಆದ ಭಾಷೆಯಲ್ಲಿರಬೇಕೆಂದು ಕಾಯದೆ ಹೇಳುತ್ತದೆ. ‘ದತ್ತಾಂಶ ಪ್ರಧಾನರ ಸಮ್ಮತಿಯ ಹಿಂಪಡೆಯುವಿಕೆ’ ಎಂದು ಬರೆದರೆ ಆ ತಾಯಿ ಮತ್ತೆ “ಏನ್ ಬರದದೋ ತಮ್ಮಾ?” ಎಂದೇ ಕೇಳುತ್ತಾರೆ. ‘ನೀವು ಕೊಟ್ಟ ಒಪ್ಪಿಗೆ ಬೇಡವೆಂದು ಯಾವಾಗ ಬೇಕಾದರೂ ಹೇಳಬಹುದು’ ಎಂದು ಬರೆಯುವುದಕ್ಕೆ ಏನು ಅಡ್ಡಿ? ಇದಕ್ಕೆ ದೊಡ್ಡ ಪಂಡಿತರು ಬೇಕಿಲ್ಲ. ಮನೆಯಲ್ಲಿ ಕನ್ನಡ ಆಡುವವರು ಸಾಕು.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ಅರಿಕೆ ಇಷ್ಟು: ತಿಂಗಳಿಗೊಂದು ಭಾನುವಾರ ಸಂಜೆ, ಸದಸ್ಯರ ಮನೆಗೆ ಬಂದ ಇಂಥ ಕಾಗದಗಳನ್ನು ಇಬ್ಬರು ಮೂವರು ಕುಳಿತು ಓದಿ ಹೇಳುವ ವ್ಯವಸ್ಥೆಯಾಗಲಿ. ಕನ್ನಡದ ನೋಟೀಸು ಕೊಡದ ಸಂಸ್ಥೆಗೆ ಸಂಘದ ಕಾಗದದ ಮೇಲೆಯೇ ಪತ್ರ ಹೋಗಲಿ. ಒಕ್ಕಣೆಯನ್ನು ಬರೆದು ತಂದಿದ್ದೇವೆ. ಕಾರ್ಯದರ್ಶಿಗಳ ಕೈಗೆ ಕೊಡುತ್ತೇವೆ.