ನಂದಗಿರಿಗೆ ಬಂದ ಸೊಸೆ



ಮೊನ್ನೆ ಸೋಮವಾರ ಚಿಕ್ಕಬಳ್ಳಾಪುರದ ಪಕ್ಕದ ನಂದಿ ಗ್ರಾಮಕ್ಕೆ ಹೋಗಿದ್ದೆ. ಭೋಗನಂದೀಶ್ವರನ ಗುಡಿಯ ಶೃಂಗಿತೀರ್ಥದ ಮೆಟ್ಟಿಲ ಮೇಲೆ ಹೊಸ ಮದುವಣಗಿತ್ತಿಯೊಬ್ಬಳು ಕೂತಿದ್ದಳು. ಅಂಗೈಯ ಗೋರಂಟಿ ಇನ್ನೂ ಮಾಸಿರಲಿಲ್ಲ. ಹಿಂದೂಪುರದ ಹುಡುಗಿ, ಗೌರಿಬಿದನೂರಿಗೆ ಸೊಸೆಯಾಗಿ ಬಂದವಳು ಎಂದು ಅತ್ತೆಯೇ ಹೇಳಿದರು. ಫೋನಿನಲ್ಲಿ ತಾಯಿಯ ಜೊತೆ ಪಟಪಟ ತೆಲುಗು. ಅತ್ತೆಯ ಕಡೆ ತಿರುಗಿದರೆ ಅಳೆದೂ ಸುರಿದೂ ಕನ್ನಡ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯೂ ಇಂಥ ಸೊಸೆಯರು ಎಷ್ಟೋ ಮನೆಗಳಲ್ಲಿದ್ದಾರೆ.

ಆ ಗುಡಿಯನ್ನು ಮೊದಲು ಕಟ್ಟಿಸಿದವಳೂ ಒಬ್ಬ ರಾಣಿ, ಬಾಣ ವಂಶದ ದೊರೆ ವಿದ್ಯಾಧರನ ಮಡದಿ ರತ್ನಾವಳಿ. ಆದರೆ ಅಂದು ನನಗೆ ನೆನಪಾದವಳು ಇನ್ನೊಬ್ಬಳು.

ತಲಕಾಡಿನ ಗಂಗರಿಗೆ ‘ನಂದಗಿರಿನಾಥ’ ಎಂಬ ಬಿರುದಿತ್ತು. ನಂದಗಿರಿ ಎಂದರೆ ನಮ್ಮ ಇದೇ ನಂದಿಬೆಟ್ಟ. ಅವರಿಗೂ ಮಳಖೇಡದ ರಾಷ್ಟ್ರಕೂಟರಿಗೂ ತಲೆಮಾರುಗಳ ಹಗೆ. ಗಂಗರ ದೊರೆ ಇಮ್ಮಡಿ ಶಿವಮಾರ ಎರಡು ಸಲ ರಾಷ್ಟ್ರಕೂಟರ ಸೆರೆಯಲ್ಲಿದ್ದ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಶ ತುಮಕೂರಿನ ಬಳಿಯ ಕೈದಾಳದ ಕೋಟೆಯನ್ನೇ ಹಿಡಿದ. ಕೊನೆಗೆ ನೃಪತುಂಗ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆ ಎರೆದುಕೊಟ್ಟ.

ಚರಿತ್ರೆಯ ಪುಸ್ತಕಗಳು ಇದನ್ನು ‘ವೈವಾಹಿಕ ಸಂಬಂಧ’ ಎಂದು ಎರಡೇ ಪದದಲ್ಲಿ ಮುಗಿಸುತ್ತವೆ. ನನಗದು ಸಾಲದು. ಕಾಗಿಣಾ ತೀರದ ಮಳಖೇಡದ ಅರಮನೆಯ ಮಗಳು ಅಷ್ಟು ದೂರದ ತೆಂಕಣ ಸೀಮೆಗೆ ಬಂದಳು. ಅವಳ ತಂದೆಯ ಸೈನ್ಯದ ಕೈಯಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸರು ಆ ಮೆರವಣಿಗೆಯನ್ನು ಹೇಗೆ ನೋಡಿರಬೇಕು! ಅವರೆದುರು ತಲೆಯೆತ್ತಿ ಹೊಸ್ತಿಲು ದಾಟುವುದಕ್ಕೆ ಎಂಥ ಎದೆ ಬೇಕು! ಕೋಟೆ ಹಿಡಿದ ಬಂಕೇಶನಿಗಿಂತ ಅವಳೇ ನನಗೆ ದೊಡ್ಡವಳಾಗಿ ಕಾಣುತ್ತಾಳೆ.

ಸಂಬಂಧ ಮುರಿಯಲಿಲ್ಲ. ಮುಂದಿನ ಶತಮಾನದಲ್ಲಿ ರಾಷ್ಟ್ರಕೂಟರ ಇನ್ನೊಬ್ಬ ಮಗಳು ರೇವಕನಿಮ್ಮಡಿ ಇಮ್ಮಡಿ ಬೂತುಗನ ಮನೆ ತುಂಬಿದಳು. 949ರ ತಕ್ಕೋಲದ ಯುದ್ಧದಲ್ಲಿ ಆ ಎರಡೂ ಮನೆತನದ ಸೈನ್ಯಗಳು ಒಂದೇ ಪಕ್ಕದಲ್ಲಿ ನಿಂತಿದ್ದವು.

ಇತ್ತ ಮೆಟ್ಟಿಲ ಮೇಲೆ ಅತ್ತೆ ಬುತ್ತಿ ಬಿಚ್ಚಿ ಬಾಳೆಲೆಗೆ ಮೊಸರನ್ನ ಬಡಿಸಿದ್ದರು. ಸೊಸೆ ಒಂದು ತುತ್ತು ಬಾಯಿಗಿಟ್ಟು, ತಡೆದು, ಮೆಲ್ಲಗೆ “ಉಪ್ಪು” ಅಂದಳು. ಅದು ತೆಲುಗೋ ಕನ್ನಡವೋ ಎಂದು ಯಾರೂ ಕೇಳಲಿಲ್ಲ. ಅತ್ತೆ ಕಾಗದದ ಪೊಟ್ಟಣ ಬಿಡಿಸಿ ಅವಳ ಎಲೆಯ ತುದಿಗೆ ಒಂದು ಚಿಟಿಕೆ ಹಾಕಿದರು.