ನಿಲ್ಲಿಸಿದ್ದು ನಿಲ್ಲಬೇಕು



ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಯಲ್ಲಿ ಹಳಗನ್ನಡದ ಪಾಠ ಹೇಳಿದವನು ಇಂದು ಕಾರಿನ ಕೈಬ್ರೇಕಿನ ವಿಷಯ ಮಾತನಾಡಲು ಕುಳಿತಿದ್ದಾನೆಂದರೆ ನಿಮಗೆ ನಗು ಬಂದೀತು. ನಗಬಹುದು. ಆದರೆ ಹಗರೆಯಲ್ಲಿ ನಡೆದ ಒಂದು ಸಂಗತಿಯ ಬಳಿಕ ನನಗೆ ಆ ವಿಷಯದಲ್ಲಿ ನಗು ಬರುವುದಿಲ್ಲ.

ಹಾಸನದಿಂದ ಬೇಲೂರಿಗೆ ಹೋಗುವವರಿಗೆ ಹಗರೆ ಅಪರಿಚಿತವಲ್ಲ. ಹಳೇಬೀಡಿಗೆ ಹೊರಳುವ ದಾರಿಯೂ ಅಲ್ಲಿಂದಲೇ. ನನ್ನದೊಂದು ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಈ ಜಾತಿಯ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ನನ್ನದು ಮಾತ್ರ ನಿಂತಿಲ್ಲ. ನಿಲ್ಲಬೇಕಾದಲ್ಲೂ ನಿಲ್ಲದೆಹೋದದ್ದೇ ಈ ಕಥೆ.

ಅಂದು ರಸ್ತೆಯ ಬದಿಯ ಇಳುಕಲಿನಲ್ಲಿ ಕಾರನ್ನು ನಿಲ್ಲಿಸಿ, ಕೈಬ್ರೇಕಿನ ಹಿಡಿಯನ್ನು ಬಲವಾಗಿ ಮೇಲೆಳೆದು, ಕಾಫಿ ಕುಡಿಯಲು ಹೋದೆ. ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಯಾರೋ ಕೂಗಿದರು. ತಿರುಗಿ ನೋಡಿದರೆ ಕಾರು ಒಳಗೆ ಯಾರೂ ಇಲ್ಲದೆ, ಸದ್ದಿಲ್ಲದೆ, ಹಿಂದಕ್ಕೆ ಸರಿಯುತ್ತಿದೆ. ಅದರ ಹಿಂದೆ ಒಬ್ಬ ಹೆಂಗಸು ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಮಗ್ಗುಲಲ್ಲಿ ಮಗು ಮಲಗಿತ್ತು. ಅಲ್ಲಿದ್ದ ಒಬ್ಬ ಹುಡುಗ ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಬುಟ್ಟಿಗೆ ಒಂದು ಮಾರು ಉಳಿದಿರುವಾಗ ಕಾರು ನಿಂತಿತು. ಆಕೆ ನನ್ನನ್ನು ಬೈಯಲಿಲ್ಲ. ಮಗುವನ್ನೆತ್ತಿ ತೊಡೆಯ ಮೇಲೆ ಹಾಕಿಕೊಂಡಳು, ಅಷ್ಟೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕೈಬ್ರೇಕು ಸಡಿಲವಾಗಿದೆಯೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆ ವರ್ಷವೊಂದರಲ್ಲೇ ಮೂರು ಸಲ ಅದನ್ನು ಬಿಗಿ ಮಾಡಿಸಿದ್ದೆ. ಪ್ರತಿ ಸಲವೂ, "ಸ್ವಲ್ಪ ಬಿಗಿ ಮಾಡಿಕೊಡಿ, ಅವಸರವಿದೆ" ಎಂದವನು ನಾನೇ. ಕೇಳಿದ್ದನ್ನು ಅವರು ಮಾಡಿಕೊಟ್ಟರು. ಆದ್ದರಿಂದ ಯಾರ ಮೇಲೂ ದೂರು ಹೊರಿಸುವ ಹಕ್ಕು ನನಗಿಲ್ಲ.

ಅಂದು ಸಂಜೆಯೇ ಸಮೀಪದ ಒಬ್ಬ ವೃದ್ಧ ಮೆಕ್ಯಾನಿಕ್ಕಿನ ಬಳಿಗೆ ಹೋದೆ. ಆತ ಹಿಡಿಯನ್ನು ಒಮ್ಮೆ ಎಳೆದು ನೋಡಿ ಹೇಳಿದ ಮಾತು ಇದು: "ಮೇಷ್ಟ್ರೇ, ರೋಗ ಚಕ್ರದಾಗೈತೆ. ನೀವು ಔಷಧ ಹಿಡಿಗೆ ಕೊಡುಸ್ತಾ ಇದ್ದೀರ."

ಆ ಮಾತಿನ ಅರ್ಥವನ್ನು ಆತ ಗಾಲಿ ಬಿಚ್ಚಿ ತೋರಿಸಿದ. ನಾವು ಹಿಡಿಯನ್ನೆಳೆದಾಗ ಉಕ್ಕಿನ ಕೇಬಲ್ಲು ಹಿಂದಿನ ಎರಡು ಚಕ್ರಗಳ ಡ್ರಮ್ಮಿನೊಳಗಿನ ಪುಟ್ಟ ಸನ್ನೆಗಳನ್ನು ಎಳೆಯುತ್ತದೆ. ಪ್ರತಿ ಡ್ರಮ್ಮಿನೊಳಗೂ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಸನ್ನೆ ಅವನ್ನು ಅಗಲಿಸುತ್ತದೆ. ಅವುಗಳ ಮೈಗೆ ಅಂಟಿಸಿದ ಲೈನರು ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತದೆ. ಲೈನರು ಸವೆದಂತೆ ನಡುವಿನ ತೆರಪು ಹೆಚ್ಚುತ್ತದೆ. ಹಿಡಿ ಮೇಲಕ್ಕೆ ಮೇಲಕ್ಕೆ ಬರುತ್ತದೆ. ಆಗ ನನ್ನಂಥವರು ಕೇಬಲ್ಲನ್ನು ಬಿಗಿಗೊಳಿಸುತ್ತಾರೆ. ಹಿಡಿ ಗಟ್ಟಿಯಾದಂತೆ ಕೈಗೆ ತೋರುತ್ತದೆ. ಆದರೆ ಡ್ರಮ್ಮಿನೊಳಗಿನ ಸನ್ನೆ ತನ್ನ ವಿಶ್ರಾಂತಿಯ ಸ್ಥಾನಕ್ಕೆ ಮರಳಲಾರದೆ ಅರ್ಧ ಎಳೆದಂತೆಯೇ ಉಳಿಯುತ್ತದೆ. ತೆರಪನ್ನು ತಾನೇ ಸರಿಪಡಿಸಿಕೊಳ್ಳುವ ಏರ್ಪಾಡಿದ್ದರೆ ಅದೂ ಕೆಡುತ್ತದೆ. ಲೈನರು ಓಡುವಾಗ ಉಜ್ಜಿ, ಕಾದು, ಗಾಜಿನಂತೆ ನುಣುಪಾಗುತ್ತದೆ. ಓಡಬೇಕಾದಾಗ ಹಿಡಿಯುತ್ತದೆ, ಹಿಡಿಯಬೇಕಾದಾಗ ಜಾರುತ್ತದೆ.

ಆತ ಕೆಲಸ ಮಾಡಿದ ಕ್ರಮ ನೆನಪಿಡತಕ್ಕದ್ದು. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟ. ಕೈಬ್ರೇಕಿನ ಹಿಡಿಯನ್ನು ಪೂರ್ತಿ ಇಳಿಸಿದ. ಹಿಂಭಾಗವನ್ನು ಜಾಕಿನಿಂದೆತ್ತಿ, ಜಾಕನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದ. ಕೇಬಲ್ಲಿನ ನಟ್ಟನ್ನು ಸಡಿಲಿಸಿದ, ಬಿಗಿಸಲಿಲ್ಲ, ಸಡಿಲಿಸಿದ! ಡ್ರಮ್ಮು ಕಳಚಿ, ಒಳಗಿನ ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿದ. ಬಾಯಿಂದ ಊದಬಾರದು, ಹಳೆಯ ಲೈನರುಗಳಲ್ಲಿ ಕಲ್ನಾರಿನ ಅಂಶವಿರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒಂದು ಕಡೆಯ ಲೈನರಿನ ಮೇಲೆ ಬ್ರೇಕ್ ಆಯಿಲ್ ಒಸರಿ ಎಣ್ಣೆಗಟ್ಟಿತ್ತು. ಸೋರುವ ಭಾಗವನ್ನು ಬದಲಿಸಿ, ಎರಡೂ ಚಕ್ರಗಳಿಗೆ ಹೊಸ ಶೂ ಹಾಕಿದ. ಬಳಿಕ ಕಾಲುಬ್ರೇಕನ್ನು ಹಲವು ಸಲ ತುಳಿದು ಶೂಗಳು ತಮ್ಮ ಜಾಗದಲ್ಲಿ ಕೂರುವಂತೆ ಮಾಡಿದ. ಎಲ್ಲಕ್ಕೂ ಕೊನೆಯಲ್ಲಿ, ನಾನು ಎಲ್ಲಕ್ಕೂ ಮೊದಲು ಮಾಡಿಸುತ್ತಿದ್ದ ಕೆಲಸ: ಕೇಬಲ್ಲಿನ ಬಿಗಿ. ಹಿಡಿ ಎಷ್ಟು ಹಲ್ಲು ಮೇಲೇರಬೇಕೆಂಬುದು ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಹಲವು ಕಾರುಗಳಲ್ಲಿ ನಾಲ್ಕರಿಂದ ಎಂಟರೊಳಗೆ. ಹಿಡಿ ಇಳಿದಾಗ ಎರಡು ಚಕ್ರವೂ ಕೈಯಿಂದ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ಏರಿದಾಗ ಎರಡೂ ಸಮನಾಗಿ ಹಿಡಿಯಬೇಕು. ಇವೆರಡೂ ಆದರೆ ಮಾತ್ರ ಕೆಲಸ ಮುಗಿಯಿತು.

ಬೇಲೂರಿನ ರಥೋತ್ಸವ ಕಂಡವರು ಇನ್ನೊಂದು ದೃಶ್ಯ ನೋಡಿರುತ್ತೀರಿ. ಹಗ್ಗ ಹಿಡಿದು ತೇರನ್ನೆಳೆಯುವವರು ನೂರಾರು ಮಂದಿ. ಆದರೆ ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತ, ಬೇಕಾದ ಕ್ಷಣದಲ್ಲಿ ಮರದ ಅಡೆಯನ್ನು ಚಕ್ರದಡಿಗೆ ಕೊಡುವವರು ಕೆಲವೇ ಮಂದಿ. ಜನರ ಕಣ್ಣು ಕಳಶದ ಮೇಲೆ. ಅವರ ಕಣ್ಣು ಗಾಲಿಯ ಮೇಲೆ. ಅವರೊಮ್ಮೆ ಮೈಮರೆತರೆ ಏನಾದೀತೆಂದು ಹೇಳಬೇಕಾಗಿಲ್ಲ. ಎಳೆಯುವ ಶಕ್ತಿಯನ್ನು ನಾವು ಕೊಂಡಾಡುತ್ತೇವೆ. ತಡೆಯುವ ವಿದ್ಯೆಯನ್ನು ಮರೆಯುತ್ತೇವೆ.

ಕಾನೂನು ಮರೆತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಪ್ರಕರಣದ ತಾತ್ಪರ್ಯವಿಷ್ಟು: ಚಾಲಕನ ಪೀಠದಲ್ಲಿ ಲೈಸೆನ್ಸ್ ಉಳ್ಳವನು ಇಲ್ಲದಿರುವಾಗ, ಯಂತ್ರವನ್ನು ನಿಲ್ಲಿಸಿ, ಬ್ರೇಕು ಹಾಕಿ, ಇಲ್ಲವೆ ಬೇರೆ ಕ್ರಮದಿಂದ, ವಾಹನವು ಆಕಸ್ಮಿಕವಾಗಿ ಚಲಿಸದಂತೆ ಮಾಡದೆ ಅದನ್ನು ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋಗಕೂಡದು. ಅಂದರೆ ಹಿಡಿಯನ್ನು ಎಳೆದೆನೆಂಬುದು ಸಾಲದು, ವಾಹನ ನಿಂತಿರಬೇಕು. ಆದುದರಿಂದ ಇಳಿಜಾರಿನಲ್ಲಿ ಕೈಬ್ರೇಕಿನ ಜೊತೆಗೆ ಗೇರನ್ನೂ ಹಾಕಿಡಬೇಕು: ಮುಖ ಏರಿನ ಕಡೆಗಿದ್ದರೆ ಮೊದಲನೆಯ ಗೇರು, ಇಳಿಜಾರಿನ ಕಡೆಗಿದ್ದರೆ ಹಿಂಗೇರು. ನನ್ನ ಕಾರಿನಂಥದರಲ್ಲಿ ಗೇರು ಮುಂದಿನ ಚಕ್ರಗಳನ್ನು ಹಿಡಿಯುತ್ತದೆ, ಕೈಬ್ರೇಕು ಹಿಂದಿನವನ್ನು. ಒಂದು ಕೈಕೊಟ್ಟರೆ ಇನ್ನೊಂದಿದೆ.

ಕಾರು ಸರಿಯಾದ ಮೇಲೆ ಒಂದು ದಿನ ಅದೇ ಇಳುಕಲಿಗೆ ಹೋದೆ. ಹಿಂದೆ ಯಾರೂ ಇಲ್ಲದ ಎಡೆಯಲ್ಲಿ ನಿಲ್ಲಿಸಿ, ಕೈಬ್ರೇಕನ್ನೆಳೆದು, ಕಾಲುಬ್ರೇಕಿನಿಂದ ಕಾಲನ್ನು ಮೆಲ್ಲಗೆ ತೆಗೆದೆ. ಕಾರು ಕದಲಲಿಲ್ಲ. ಗೇರು ಹಾಕಿ ಇಳಿದು, ಆ ಹೂವಿನವಳ ಬಳಿ ಎರಡು ಮೊಳ ಮಲ್ಲಿಗೆ ಕೊಂಡೆ. ಗುರುತು ಹಿಡಿದಳು.

"ಇವತ್ತು ನಿಂತೈತಾ ಸಾಮಿ, ನಿಮ್ಮ ಗಾಡಿ?"

"ನಿಂತಿದೆ, ತಾಯಿ."

ಆಕೆ ನನ್ನ ಮಾತನ್ನು ನಂಬಿಯೂ ಒಮ್ಮೆ ಕಾರಿನ ಕಡೆ ನೋಡಿದಳು. ಆಮೇಲೆ ಹೂವನ್ನು ಅಳೆದಳು. ಹಾಗೆ ನೋಡಿದ್ದು ಸರಿಯೇ. ಅಂದಿನಿಂದ ನಾನೂ ಕಾರಿನಿಂದಿಳಿದ ಮೇಲೆ ನಾಲ್ಕು ಹೆಜ್ಜೆ ನಡೆದು, ಒಮ್ಮೆ ತಿರುಗಿ ನೋಡುತ್ತೇನೆ.