ಹವ್ಯಾಸಿಗೆ ಮೊದಲ ಬೋರ್ಡು

ಹೋದ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದ ನನ್ನ ತಂಗಿಯ ಮಗಳು ಊಟವಾದ ಮೇಲೆ ನನ್ನ ಮುಂದೆ ಒಂದು ಹಾಳೆಯನ್ನು ತಂದಿಟ್ಟಳು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿ. ಎಲೆಕ್ಟ್ರಾನಿಕ್ಸ್ ಹವ್ಯಾಸಕ್ಕೆಂದು ಪೇಟೆಯಲ್ಲಿ ಸಿಗುವ ಆರೇಳು ಸಣ್ಣ ಬೋರ್ಡುಗಳ ಹೆಸರುಗಳನ್ನೂ, ಅವುಗಳ ಎದುರಿಗೆ ವೇಗ, ನೆನಪಿನ ಪ್ರಮಾಣ, ಬೆಲೆ ಇವೆಲ್ಲವನ್ನೂ ಗೀಟೆಳೆದು ಅಂದವಾಗಿ ಬರೆದಿದ್ದಳು. “ಮಾವ, ಹಬ್ಬಕ್ಕೆ ಬಂದ ದುಡ್ಡು ಕೂಡಿಟ್ಟಿದ್ದೀನಿ. ಇದರಲ್ಲಿ ಎಲ್ಲಕ್ಕಿಂತ ಒಳ್ಳೇದು ಯಾವುದು ಹೇಳಿ, ಅದನ್ನೇ ತೊಗೋತೀನಿ” ಎಂದಳು. “ಅದರಿಂದ ಏನು ಮಾಡಬೇಕೂಂತಿದ್ದೀಯಮ್ಮ?” ಎಂದು ಕೇಳಿದೆ. “ಅದನ್ನ ಆಮೇಲೆ ಯೋಚನೆ ಮಾಡಿದರಾಯ್ತು” ಎಂದಳು.

ನನಗೆ ನಗು ಬಂತು. ಆದರೆ ನಗುವ ಅಧಿಕಾರ ನನಗಿರಲಿಲ್ಲ. ಹೀಗೆಯೇ ಆಮೇಲೆ ಯೋಚಿಸೋಣವೆಂದು ಕೊಂಡ ಮೂರು ಬೋರ್ಡುಗಳು ನನ್ನ ಮೇಜಿನ ಡ್ರಾಯರಿನಲ್ಲಿ ಇಂದಿಗೂ ಪೊಟ್ಟಣದ ಸಮೇತ ಮಲಗಿವೆ. ಕೊಂಡಾಗ ಅವೆಲ್ಲ ಒಂದಕ್ಕಿಂತ ಒಂದು ಶ್ರೇಷ್ಠವಾದುವೇ. ಅವಕ್ಕೆ ಕೊಡಲು ಕೆಲಸ ಮಾತ್ರ ನನ್ನಲ್ಲಿರಲಿಲ್ಲ.

ಮನೆಯಲ್ಲಿ ಕುಳಿತು ತಂತಿ ಸುತ್ತುವ ಈ ಹುಚ್ಚು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರೆಂಬುದನ್ನು ರೇಡಿಯೋ ಕೇಳುವವರಿಗೆ ನೆನಪಿಸಬೇಕಾಗಿಲ್ಲ. ಆಮೇಲಿನ ತಲೆಮಾರಿನ ಹುಡುಗರು ಸ್ಫಟಿಕದ ರೇಡಿಯೋ ಕಟ್ಟಿ, ಕಿವಿಗೆ ಹೆಡ್‌ಫೋನು ಹಚ್ಚಿಕೊಂಡು ರಾತ್ರಿಯೆಲ್ಲ ಕುಳಿತರು. ಇಂದಿನ ಮಕ್ಕಳ ಕೈಗೆ ಬಂದಿರುವುದು ಈ ಬೋರ್ಡು. ಆದ್ದರಿಂದ ನನ್ನ ಸೊಸೆ ಕೇಳಿದ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ತಂದೆತಾಯಿಯರ ಕಿವಿಗೆ ಬೀಳುತ್ತಿರಬೇಕು.

ಮೊದಲು ಈ ವಸ್ತು ಯಾವುದೆಂದು ತಿಳಿಯೋಣ. ಲೆಕ್ಕ ಮಾಡುವ ಭಾಗ, ನೆನಪಿಟ್ಟುಕೊಳ್ಳುವ ಭಾಗ, ಹೊರಗಿನ ಸುದ್ದಿಯನ್ನು ಒಳಕ್ಕೆ ತರುವ ಮತ್ತು ಒಳಗಿನ ಆಜ್ಞೆಯನ್ನು ಹೊರಕ್ಕೆ ಕಳುಹಿಸುವ ಬಾಗಿಲುಗಳು, ಇಷ್ಟನ್ನೂ ಒಂದೇ ಚಿಪ್ಪಿನಲ್ಲಿ ಅಡಕಮಾಡಿದರೆ ಅದು ಮೈಕ್ರೋಕಂಟ್ರೋಲರು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1974ರಲ್ಲಿ ಇಂಥ ಚಿಪ್ಪನ್ನು ಮಾರಾಟಕ್ಕೆ ತಂದಿತು. ಇಂದು ನಿಮ್ಮ ಬಟ್ಟೆ ಒಗೆಯುವ ಯಂತ್ರದಲ್ಲಿ, ಟೆಲಿವಿಷನ್ನಿನ ರಿಮೋಟಿನಲ್ಲಿ ಅದರ ಬಳಗದವರೇ ಕುಳಿತಿದ್ದಾರೆ. ಮೇಜಿನ ಮೇಲಿನ ಕಂಪ್ಯೂಟರು ನೂರು ಕೆಲಸ ಮಾಡುತ್ತದೆ. ಇದಾದರೋ ಹೇಳಿಕೊಟ್ಟ ಒಂದೇ ಕೆಲಸವನ್ನು ಬೇಸರವಿಲ್ಲದೆ ಹಗಲೂ ರಾತ್ರಿ ಮಾಡುತ್ತಿರುತ್ತದೆ. ಚಿಪ್ಪೊಂದನ್ನೇ ಕೊಟ್ಟರೆ ಹೊಸಬರಿಗೆ ಕಷ್ಟ. ಅದಕ್ಕಾಗಿ ವಿದ್ಯುತ್ತನ್ನು ಹದಗೊಳಿಸುವ ಭಾಗವನ್ನೂ, ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕಿಂಡಿಯನ್ನೂ, ತಂತಿ ಸಿಕ್ಕಿಸುವ ಪಿನ್ನುಗಳನ್ನೂ ಸೇರಿಸಿ ಅಂಗೈಯಗಲದ ಹಲಗೆಯ ಮೇಲೆ ಕೂರಿಸಿಕೊಡುತ್ತಾರೆ. ಅದೇ ನಾವು ಹೇಳುವ ಬೋರ್ಡು.

ನಾನು ಅವಳ ಹಾಳೆಯನ್ನು ಮಗುಚಿ ಹಾಕಿ, “ಮನೆಯಲ್ಲಿ ದಿನಾ ತೊಂದರೆ ಕೊಡೋ ಒಂದು ಸಂಗತಿ ಹೇಳು” ಎಂದೆ. ಒಳಗಿನಿಂದ ನನ್ನ ತಂಗಿಯೇ ಉತ್ತರ ಕೊಟ್ಟಳು: “ಇನ್ನೇನಣ್ಣ, ಮೇಲಿನ ಟ್ಯಾಂಕು!” ಮೋಟಾರು ಹಾಕಿ ಮರೆತರೆ ಟ್ಯಾಂಕು ತುಂಬಿ ನೀರು ಬೀದಿಗೆ ಹರಿಯುತ್ತದೆ. ಸಂಪಿನಲ್ಲಿ ನೀರಿಲ್ಲವೆಂಬುದನ್ನು ನೋಡದೆ ಹಾಕಿದರೆ ಮೋಟಾರು ಒಣದಾಗಿ ತಿರುಗಿ ಕೆಡುತ್ತದೆ. ಎರಡು ಬೇಸಗೆಯಲ್ಲಿ ಎರಡು ಸಲ ಮೋಟಾರಿನ ವೈಂಡಿಂಗ್ ಸುಟ್ಟಿತ್ತಂತೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಟ್ಯಾಂಕು ತುಂಬಿದಾಗ ಗಂಟೆ ಬಾರಿಸುವುದಷ್ಟೇ ಬೇಕಾಗಿದ್ದರೆ ಬೋರ್ಡಿನ ಅಗತ್ಯವೇ ಇಲ್ಲ. ನೀರಿನಲ್ಲಿ ತೇಲುವ ಒಂದು ಫ್ಲೋಟ್ ಸ್ವಿಚ್ಚು, ಒಂದು ಬಜ್ಜರು, ಎರಡು ಸೆಲ್ಲು, ಇಷ್ಟೇ ಸಾಕು. ಎರಡು ಮೂರು ಸುದ್ದಿಗಳನ್ನು ಕೂಡಿಸಿ ನೋಡಿ ತೀರ್ಮಾನ ಮಾಡಬೇಕಾದಾಗ, ಇಲ್ಲವೆ ಹೊತ್ತನ್ನು ಎಣಿಸಿ ಕಾಯಬೇಕಾದಾಗ ಬೋರ್ಡು ಬೇಕಾಗುತ್ತದೆ. ಮೇಲಿನ ಟ್ಯಾಂಕು ಬರಿದಾಗಿದೆ, ಕೆಳಗಿನ ಸಂಪಿನಲ್ಲಿ ನೀರಿದೆ, ಹಾಗಾದರೆ ಹಸಿರು ದೀಪ. ಸಂಪೂ ಬರಿದಾಗಿದ್ದರೆ ಕೆಂಪು ದೀಪ. ಟ್ಯಾಂಕು ತುಂಬಿದರೆ ಗಂಟೆ. ಹುಡುಗಿ ಇದನ್ನೆಲ್ಲ ಕಾಗದದ ಮೇಲೆ ಬರೆದಳು. ಮೂರು ಸುದ್ದಿ ಒಳಕ್ಕೆ, ಮೂರು ಆಜ್ಞೆ ಹೊರಕ್ಕೆ. ಒಟ್ಟು ಆರು ಪಿನ್ನು.

ಬೇಕಾದುದನ್ನು ಹೀಗೆ ಬರೆದಿಟ್ಟುಕೊಂಡು ಬೋರ್ಡುಗಳ ಕಡೆಗೆ ತಿರುಗಿದರೆ, ಆ ಅಂಕಿಗಳ ಪಟ್ಟಿ ನಮ್ಮನ್ನು ಅಷ್ಟಾಗಿ ಹೆದರಿಸುವುದಿಲ್ಲ.

ಆರ್ಡುಯಿನೋ ಎಂಬುದು ಮೊದಲನೆಯ ಮನೆತನ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ, ಎಂಜಿನಿಯರಲ್ಲದ ವಿದ್ಯಾರ್ಥಿಗಳಿಗೂ ಸುಲಭವಾಗಲೆಂದು ಇದನ್ನು ರೂಪಿಸಿದರು. ಆ ಊರಿನ ಹಳೆಯ ರಾಜನೊಬ್ಬನ ಹೆಸರನ್ನು ಹೊತ್ತ ಪಾನಗೃಹವೊಂದರಿಂದ ಬೋರ್ಡಿಗೆ ಹೆಸರು ಬಂತು. ಇದರ ಊನೋ ಎಂಬ ಮಾದರಿ 2010ರಲ್ಲಿ ಬಂದುದು. ಹಳೆಯ ಊನೋವಿನ ವೇಗ 16 ಮೆಗಾಹರ್ಟ್ಸ್, ಕೆಲಸದ ನೆನಪು ಕೇವಲ 2 ಕಿಲೋಬೈಟು. ಹುಡುಗಿ ಇದನ್ನು ನೋಡಿ ಮೂಗು ಮುರಿದಳು. ನಾನೆಂದೆ: 1969ರಲ್ಲಿ ಚಂದ್ರನ ಮೇಲಿಳಿದ ಅಪೊಲೋ ನೌಕೆಯ ಕಂಪ್ಯೂಟರಿನಲ್ಲಿ ಕೆಲಸದ ನೆನಪು ಸುಮಾರು 4 ಕಿಲೋಬೈಟಿನಷ್ಟೇ ಇತ್ತು. ಅದರ ಅರ್ಧ ನಿನ್ನ ಟ್ಯಾಂಕಿಗೆ ಸಾಲದೆ? ಈ ಬೋರ್ಡು 5 ವೋಲ್ಟಿನಲ್ಲಿ ನಡೆಯುತ್ತದೆ. ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಚಿಪ್ಪನ್ನು ಸಾಕೆಟ್ಟಿನಲ್ಲಿ ಕೂರಿಸಿದ ಮಾದರಿಯನ್ನು ಕೊಂಡರೆ, ಸುಟ್ಟಾಗ ಚಿಪ್ಪನ್ನು ಮಾತ್ರ ಬದಲಾಯಿಸಬಹುದು.

ಎರಡನೆಯದು ಮೈಕ್ರೋಬಿಟ್. ಇದರ ಹಿಂದೆ ನಿಂತದ್ದು ಒಂದು ಪ್ರಸಾರ ಸಂಸ್ಥೆ ಎಂಬುದು ರೇಡಿಯೋ ಕೇಳುಗರಿಗೆ ಸಂತೋಷದ ಸಂಗತಿ. ಬ್ರಿಟನ್ನಿನ ಬಿಬಿಸಿ 2016ರಲ್ಲಿ ಹನ್ನೊಂದು ಹನ್ನೆರಡು ವರ್ಷದ ಸುಮಾರು 10 ಲಕ್ಷ ಶಾಲಾಮಕ್ಕಳಿಗೆ ಇದನ್ನು ಉಚಿತವಾಗಿ ಹಂಚುವ ಕೆಲಸವನ್ನು ಕೈಗೊಂಡಿತು. ಇಪ್ಪತ್ತೈದು ಪುಟ್ಟ ದೀಪಗಳು, ಎರಡು ಗುಂಡಿಗಳು, ಅಲುಗಾಟವನ್ನು ಅರಿಯುವ ಸಾಧನ, ದಿಕ್ಸೂಚಿ ಇವೆಲ್ಲ ಹಲಗೆಯ ಮೇಲೆಯೇ ಇವೆ. ಕಂಪ್ಯೂಟರಿನ ತೆರೆಯ ಮೇಲೆ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಕಾರ್ಯಕ್ರಮ ಸಿದ್ಧವಾಗುತ್ತದೆ. ಆರನೆಯ ಏಳನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಾಣೆ.

ಮೂರನೆಯದು ರಾಸ್ಪ್‌ಬೆರಿ ಪೈ ಪೀಕೋ. 2021ರ ಜನವರಿಯಲ್ಲಿ 4 ಡಾಲರು ಬೆಲೆಗೆ ಬಂದ ಬೋರ್ಡು. 264 ಕಿಲೋಬೈಟು ನೆನಪು, ತಂತಿ ಜೋಡಿಸಲು 26 ಪಿನ್ನು. ಪೈಥಾನ್ ಭಾಷೆಯನ್ನು ಕಲಿತ, ಇಲ್ಲವೆ ಕಲಿಯಬೇಕೆನ್ನುವ ಮಕ್ಕಳಿಗೆ ಇದು ಒಪ್ಪುತ್ತದೆ. ಹಳೆಯ ಊನೋವಿನ ಪುಟ್ಟ ನೆನಪಿನಲ್ಲಿ ಆ ಭಾಷೆಗೆ ಸ್ಥಳವೇ ಇಲ್ಲ.

ನಾಲ್ಕನೆಯದು ಇಎಸ್‌ಪಿ-32. ಚೀನಾದ ಶಾಂಘೈನ ಎಸ್‌ಪ್ರೆಸಿಫ್ ಸಂಸ್ಥೆ 2016ರಲ್ಲಿ ತಂದ ಚಿಪ್ಪಿನದು. ವೈ-ಫೈ, ಬ್ಲೂಟೂತ್ ಎರಡೂ ಅದರೊಳಗೇ ಇವೆ. ಮನೆಯಲ್ಲಿಲ್ಲದಾಗ ಮೊಬೈಲಿಗೆ ಸುದ್ದಿ ಬರಬೇಕಾದರೆ ಇದೇ ಸರಿ. ನಮ್ಮ ಹುಡುಗಿಗೆ ಇದರ ಮೇಲೆಯೇ ಮನಸ್ಸಿತ್ತು. ಆದರೆ ಅವಳ ತಾಯಿ, “ನಾನು ಮನೆಯಲ್ಲೇ ಇರ್ತೀನಲ್ಲೇ, ಅಡಿಗೆಮನೆಯಲ್ಲಿ ಗಂಟೆ ಬಾರಿಸಿದರೆ ಸಾಕು” ಎಂದುಬಿಟ್ಟಳು. ಬೇಡದ ಗುಣಕ್ಕಾಗಿ ಹೆಚ್ಚಿನ ಜಂಜಾಟವನ್ನು ಹೊರುವುದೇಕೆ?

ಇನ್ನು ನಾನು ಪೆಟ್ಟು ತಿಂದು ಕಲಿತ ಪಾಠ. ಪೀಕೋ ಮತ್ತು ಇಎಸ್‌ಪಿ-32 ಎರಡರ ಪಿನ್ನುಗಳೂ 3.3 ವೋಲ್ಟಿನವು. ಪೇಟೆಯಲ್ಲಿ ಸಿಗುವ ಅನೇಕ ಉಪಕರಣಗಳು 5 ವೋಲ್ಟಿನವು. ಶಬ್ದದ ಅಲೆಯನ್ನು ಕಳುಹಿಸಿ ದೂರವನ್ನು ಅಳೆಯುವ ಸಾಧನವೊಂದನ್ನು ನಾನು ಅವಸರದಲ್ಲಿ ಇಎಸ್‌ಪಿ ಬೋರ್ಡಿಗೆ ನೇರವಾಗಿ ಜೋಡಿಸಿದೆ. ಅದು ಹಿಂದಿರುಗಿಸಿದ್ದು 5 ವೋಲ್ಟಿನ ಸಂಕೇತ. ಆ ಪಿನ್ನು ಅಂದಿನಿಂದ ಮಾತಾಡಿಲ್ಲ. ಒಂದು ಕಿಲೋ ಓಮಿನ, ಎರಡು ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಹಾಕಿ, ಎರಡು ಕಿಲೋ ಓಮಿನದರ ಮೇಲಿನಿಂದ ಸಂಕೇತವನ್ನು ಪಡೆದಿದ್ದರೆ, ಐದು ವೋಲ್ಟು ಮೂರೂಕಾಲು ವೋಲ್ಟಿನ ಆಸುಪಾಸಿಗೆ ಇಳಿದು ಬೋರ್ಡು ಉಳಿಯುತ್ತಿತ್ತು. ಆದ್ದರಿಂದ ಬೋರ್ಡು ಎಷ್ಟು ವೋಲ್ಟಿನದು, ಜೋಡಿಸುವ ಉಪಕರಣ ಎಷ್ಟು ವೋಲ್ಟಿನದು ಎಂಬೆರಡನ್ನು ಕೊಳ್ಳುವ ಮುಂಚೆಯೇ ಕೇಳಿ ತಿಳಿಯಿರಿ.

ವಿದ್ಯುತ್ತು ಎಲ್ಲಿಂದ ಬರುತ್ತದೆಂಬುದು ಮತ್ತೊಂದು ವಿಚಾರ. ಊನೋ ಸುಮ್ಮನೆ ಕುಳಿತಿದ್ದರೂ 50 ಮಿಲಿಆಂಪಿಯರಿನ ಸುಮಾರಿಗೆ ಕುಡಿಯುತ್ತದೆ. ಒಂಬತ್ತು ವೋಲ್ಟಿನ ಪುಟ್ಟ ಬ್ಯಾಟರಿಯಲ್ಲಿ ಅದು ಅರ್ಧ ದಿನ ನಡೆದರೆ ಹೆಚ್ಚು. ಅಡಿಗೆಮನೆಯಲ್ಲಿ ಮೊಬೈಲಿನ ಚಾರ್ಜರು ಸಿಕ್ಕಿಸಲು ಜಾಗವಿದ್ದರೆ ಈ ಚಿಂತೆಯಿಲ್ಲ. ತೋಟದ ಮೂಲೆಯಲ್ಲಿ ತಿಂಗಳುಗಟ್ಟಲೆ ಬ್ಯಾಟರಿಯ ಮೇಲೆ ನಡೆಯಬೇಕಾದುದಕ್ಕೆ, ಕೆಲಸವಿಲ್ಲದಾಗ ಗಾಢವಾಗಿ ನಿದ್ರಿಸಬಲ್ಲ ಬೋರ್ಡನ್ನು ಆರಿಸಬೇಕಾಗುತ್ತದೆ.

ಅಸಲಿ, ನಕಲಿ ಎಂಬ ಪ್ರಶ್ನೆಯೂ ಬರುತ್ತದೆ. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಿಗೆ ಹೋದರೆ ಊನೋವಿನ ಪ್ರತಿಗಳು ಅಸಲಿಗಿಂತ ಬಹಳ ಅಗ್ಗವಾಗಿ ಸಿಗುತ್ತವೆ. ಆರ್ಡುಯಿನೋದವರು ಊನೋವಿನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿರುವುದರಿಂದ ಪ್ರತಿ ಮಾಡುವುದು ಕಳ್ಳತನವಲ್ಲ. ಅವರ ಹೆಸರನ್ನೂ ಗುರುತನ್ನೂ ಹಾಕಿಕೊಂಡು ಮಾರುವುದು ಮಾತ್ರ ತಪ್ಪು. ಕೆಲವು ಪ್ರತಿಗಳಿಗೆ ಕಂಪ್ಯೂಟರಿನಲ್ಲಿ ಬೇರೊಂದು ಡ್ರೈವರನ್ನು ಹಾಕಿಕೊಳ್ಳಬೇಕಾಗುತ್ತದೆ. ಜೊತೆಗೆ ಕೊಳ್ಳುವ ಯುಎಸ್‌ಬಿ ತಂತಿಯ ಮೇಲೂ ಗಮನವಿರಲಿ. ಕೆಲವು ತಂತಿಗಳು ಚಾರ್ಜು ಮಾಡಲಷ್ಟೇ ಬರುತ್ತವೆ, ಮಾಹಿತಿಯನ್ನು ಸಾಗಿಸುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಕಾಣುವುದೇ ಇಲ್ಲ. ಬೋರ್ಡು ಕೆಟ್ಟಿದೆಯೆಂದು ಹಿಂದಕ್ಕೆ ಕೊಡಲು ಹೊರಡುವ ಮುನ್ನ ತಂತಿಯನ್ನು ಬದಲಾಯಿಸಿ ನೋಡಿ.

ತಂದೆತಾಯಿಯರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬೋರ್ಡಿನ 5 ವೋಲ್ಟು ಯಾರನ್ನೂ ಹೊಡೆಯುವುದಿಲ್ಲ. ಗೋಡೆಯ 230 ವೋಲ್ಟು ಕೊಲ್ಲುತ್ತದೆ. ರಿಲೇ ಎಂಬ ಸಣ್ಣ ಸಾಧನವನ್ನಿಟ್ಟು ಬೋರ್ಡಿನಿಂದಲೇ ಮೋಟಾರನ್ನು ನಡೆಸಬಹುದೆಂಬುದು ನಿಜ, ಮಕ್ಕಳಿಗೆ ಅದರ ಆಸೆಯೂ ಹೆಚ್ಚು. ಆದರೆ ನೀರು, ಮೋಟಾರು, ಮಕ್ಕಳ ಕೈ ಮೂರೂ ಒಂದೆಡೆ ಸೇರಬಾರದು. ದೀಪ, ಗಂಟೆಗಳವರೆಗೆ ಮಗು ಮಾಡಲಿ. ಮೋಟಾರಿನ ಸ್ವಿಚ್ಚನ್ನು ದೊಡ್ಡವರೇ ಒತ್ತಲಿ. ಅದನ್ನೂ ತಾನಾಗಿ ನಡೆಯುವಂತೆ ಮಾಡಲೇಬೇಕೆಂದರೆ ಅನುಭವಿಯಾದ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಕೊನೆಗೆ ನಮ್ಮ ಹುಡುಗಿ ಒಂದು ಊನೋ ಬಗೆಯ ಬೋರ್ಡನ್ನೇ ಕೊಂಡಳು. ಉಳಿದ ದುಡ್ಡಿನಲ್ಲಿ ಮೂರು ಫ್ಲೋಟ್ ಸ್ವಿಚ್ಚು, ಒಂದು ಬ್ರೆಡ್‌ಬೋರ್ಡು, ದೀಪ, ರೆಸಿಸ್ಟರು, ತಂತಿ ಎಲ್ಲ ಬಂದುವು. ಮೊದಲ ದಿನ ದೀಪ ಮಿನುಗಿತು. ಎರಡನೆಯ ಭಾನುವಾರ ಟ್ಯಾಂಕಿಗೆ ಜೋಡಿಸಿದಾಗ ಒಂದು ತಮಾಷೆಯಾಯಿತು. ಮೇಲಿನಿಂದ ಬೀಳುವ ನೀರಿನ ಅಲೆಗೆ ಫ್ಲೋಟು ಕುಣಿದು, ಗಂಟೆ ಬಾರಿಸುತ್ತ ನಿಲ್ಲುತ್ತ ಮತ್ತೆ ಬಾರಿಸುತ್ತ ಮನೆಮಂದಿಯ ಕಿವಿ ಕೊರೆಯಿತು. “ಮಾವ, ಬೋರ್ಡು ಸರಿಯಿಲ್ಲ, ಹೆಚ್ಚು ವೇಗದ್ದು ತೊಗೋಬೇಕಿತ್ತು” ಎಂದು ಫೋನು ಮಾಡಿದಳು. “ವೇಗ ಹೆಚ್ಚಿದ್ದರೆ ಇನ್ನೂ ಬೇಗ ಬೇಗ ಬಾರಿಸುತ್ತಿತ್ತು. ಸ್ವಲ್ಪ ಕಾಯೋದಕ್ಕೆ ಹೇಳಿಕೊಡಮ್ಮ” ಎಂದೆ. ಮಾರನೆಯ ದಿನ ತಾನೇ ದಾರಿ ಕಂಡುಕೊಂಡಿದ್ದಳು. ಫ್ಲೋಟು ಹತ್ತು ಸೆಕೆಂಡು ಅಲುಗದೆ ಮೇಲೆಯೇ ನಿಂತರೆ ಮಾತ್ರ ಟ್ಯಾಂಕು ತುಂಬಿತೆಂದು ತಿಳಿಯಬೇಕೆಂದು ಕಾರ್ಯಕ್ರಮದಲ್ಲಿ ನಾಲ್ಕು ಸಾಲು ಸೇರಿಸಿದಳಂತೆ. ಗಂಟೆ ಹದಕ್ಕೆ ಬಂತು.

ಆ ನಾಲ್ಕು ಸಾಲಿಗಾಗಿಯೇ ಅಲ್ಲವೆ ನಾವು ಮಕ್ಕಳಿಗೆ ಇದನ್ನೆಲ್ಲ ತಂದುಕೊಡುವುದು? ನಿಮ್ಮ ಮನೆಯ ಮಗು ಬೋರ್ಡು ಬೇಕೆಂದು ಕೇಳಿದಾಗ ಬೇಡವೆನ್ನಬೇಡಿ. ಅದರಿಂದ ಯಾವ ಕೆಲಸ ಆಗಬೇಕೆಂದು ಒಂದು ಹಾಳೆಯ ಮೇಲೆ ಬರೆದುಕೊಂಡು ಬರಲಿ. ಆ ಹಾಳೆಯನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ. ಅಲ್ಲಿ ಆ ಕೆಲಸಕ್ಕೆ ಒದಗುವ ಬೋರ್ಡುಗಳಲ್ಲಿ ಎಲ್ಲಕ್ಕಿಂತ ಸರಳವಾದುದನ್ನು ಕೊಡಿಸಿ. ದೊಡ್ಡದು ಬೇಕಾಗುವ ದಿನ ಬಂದರೆ, ಏಕೆ ಬೇಕೆಂಬುದನ್ನು ಆ ಮಗುವೇ ನಿಮಗೆ ವಿವರಿಸಿ ಹೇಳುತ್ತದೆ.

ಅಂದ ಹಾಗೆ, ನನ್ನ ಡ್ರಾಯರಿನಲ್ಲಿದ್ದ ಮೂರರಲ್ಲಿ ಒಂದನ್ನು ಹೊರಗೆ ತೆಗೆದಿದ್ದೇನೆ. ಅದಕ್ಕೇನು ಕೆಲಸ ಕೊಡಬೇಕೆಂದು ಹಾಳೆಯೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ.